ಹೊಟ್ಟಿನ ಮೇಲೆ ನಿಂತ ಕಲ್ಲು

ನಮ್ಮ ಮನೆಯಿಂದ ಬೆಳಿಗ್ಗೆ ಎರಡು ದಿಕ್ಕಿಗೆ ಜನ ಹೊರಡುತ್ತಿದ್ದರು. ಅಪ್ಪ ಮತ್ತು ತಮ್ಮ ಮಸ್ಕಿಯಿಂದ ಸಿಂಧನೂರಿನ ಬಸ್ಸು ಹತ್ತುತ್ತಿದ್ದರು. ನಾನು ರಸ್ತೆಯ ಈಚೆ ಬದಿಯಲ್ಲಿ ನಿಂತು ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದೆ. ಅಪ್ಪನಿಗೆ ಸಿಂಧನೂರಿನ ನೀರಾವರಿ ಕಚೇರಿಯಲ್ಲಿ ನೌಕರಿ, ತಮ್ಮನಿಗೆ ಅಲ್ಲೇ ಪಿಯುಸಿ. ನನಗೆ ಲಿಂಗಸುಗೂರಿನಲ್ಲಿ ಪದವಿ ಕಾಲೇಜು, ಮುಂದೆ ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ ಕೆಲಸ. ಅವರ ಬಸ್ಸು ಮೊದಲು ಬರುತ್ತಿತ್ತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಅಪ್ಪ ಏನೋ ಕೇಳುತ್ತ, ತಮ್ಮ ಕೈ ಆಡಿಸುತ್ತ ಹೇಳುತ್ತ ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ನನ್ನ ಹೊಟ್ಟೆಯುರಿ ಶುರುವಾದದ್ದು ಆ ಬಸ್‌ಸ್ಟ್ಯಾಂಡಿನಲ್ಲಿ. ತಮ್ಮ ಏನನ್ನೂ ಗೆಲ್ಲುವುದಕ್ಕಿಂತ ಎಷ್ಟೋ ಮೊದಲು.

ಸಿಂಧನೂರಿನಲ್ಲಿ ಗೊಬ್ಬರದಂಗಡಿಯೊಂದರ ಹಿಂದೆ ಸ್ನೂಕರ್ ಪಾರ್ಲರ್ ಇತ್ತು. ಒಂದೇ ಮೇಜು. ಕಾಲೇಜು ಬಿಟ್ಟ ಮೇಲೆ ತಮ್ಮ ಅಲ್ಲಿ ಸೇರುತ್ತಿದ್ದ. ಕಚೇರಿ ಮುಗಿಸಿದ ಅಪ್ಪ ಬೈದು ಕರೆದುಕೊಂಡು ಬರಲು ಹೋಗಿ, ಒಂದು ದಿನ ಬೈಯದೆ ಬೆಂಚಿನ ಮೇಲೆ ಕೂತರಂತೆ. ಆಮೇಲೆ ದಿನಾ ಕೂರತೊಡಗಿದರು. ನಾನು ಮೊದಲ ದರ್ಜೆಯಲ್ಲಿ ಪಾಸಾದಾಗ ಅಂಕಪಟ್ಟಿಯನ್ನು ಒಮ್ಮೆ ನೋಡಿ ಕೈಗೆ ಕೊಟ್ಟ ಅಪ್ಪ, ಒಂದು ಕೆಂಪು ಚೆಂಡು ಮೂಲೆಗೆ ಬೀಳುವುದನ್ನು ನೋಡಲು ಬಸ್ಸನ್ನೇ ಬಿಡುತ್ತಿದ್ದರು.

ಆ ಪಾರ್ಲರಿನ ಕೆಳಗಿದ್ದುದು ಕಪ್ಪು ಮಣ್ಣಿನ ಎರೆ ನೆಲ. ಕಾಲುವೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ತುಂಬಿದವೆಂದರೆ ನೆಲದೊಳಗೆ ತೇವ ಇಳಿದು ಎರೆ ಉಬ್ಬುತ್ತದೆ. ನೀರು ನಿಂತ ಮೇಲೆ ಕುಸಿದು ಬಿರಿಯುತ್ತದೆ. ಗೋಡೆ ಬಿರುಕು ಬಿಡುವುದು ಅಲ್ಲಿ ಯಾರಿಗೂ ಸುದ್ದಿಯಲ್ಲ. ಆದರೆ ಸ್ನೂಕರ್ ಮೇಜು ಕೂದಲೆಳೆಯಷ್ಟು ವಾಲಿದರೂ ಆಟ ಬದಲಾಗುತ್ತದೆ. ನೀರು ಬಿಟ್ಟ ತಿಂಗಳುಗಳಲ್ಲಿ ಅಲ್ಲಿಯ ಚೆಂಡುಗಳೆಲ್ಲ ಕಿಟಕಿಯ ಕಡೆಗೆ ಹೊರಳುತ್ತಿದ್ದವು. ಪಾರ್ಲರಿನವನು ಮೇಜಿನ ಕಾಲಿನ ಕೆಳಗೆ ಬೀಜದ ಪ್ಯಾಕೆಟ್ಟಿನ ರಟ್ಟು ತುರುಕುತ್ತಿದ್ದ. ಯಾರದಾದರೂ ಚೆಂಡು ದಾರಿ ತಪ್ಪಿದರೆ ಹುಡುಗರು ಕೂಗುತ್ತಿದ್ದರಂತೆ: "ನೀರು ಬಿಟ್ಟಾರಲೇ, ಹುಷಾರ್!"

ತಮ್ಮ ಆ ವಾಲಿದ ಮೇಜನ್ನೇ ಕಲಿತ. ಯಾವ ತಿಂಗಳಲ್ಲಿ ಎಷ್ಟು ಬಿಟ್ಟು ಹೊಡೆಯಬೇಕೆಂಬುದು ಅವನ ಕೈಗೆ ಗೊತ್ತಿತ್ತು. ಸಿಂಧನೂರು, ತುರ್ವಿಹಾಳ, ಬಳಗಾನೂರಿನಿಂದ ಬರುವ ಆಟಗಾರರಲ್ಲಿ ಯಾರೂ ಅವನೆದುರು ನಿಲ್ಲುತ್ತಿರಲಿಲ್ಲ. ಆ ಧೈರ್ಯದಲ್ಲಿ ಬೆಂಗಳೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಹೋದ. ಮೊದಲ ಸುತ್ತಿನಲ್ಲೇ ಸೋತು ಬಂದ. ನಾವೆಲ್ಲ ಊಟಕ್ಕೆ ಕೂತಿದ್ದೆವು. ಅಪ್ಪ ಮೆಲ್ಲಗೆ ಕೇಳಿದರು.

"ಏನಾತಲೇ?"

"ಅಲ್ಲಿ ಚೆಂಡು ನೆಟ್ಟಗ ಹೋಗತಾವಪಾ."

ನಾನು ನಕ್ಕುಬಿಟ್ಟೆ. ಬಾಯಲ್ಲಿದ್ದ ಅನ್ನ ತಟ್ಟೆಗೆ ಬಿತ್ತು. ಅವ್ವ ನನ್ನ ತೊಡೆಗೆ ಚಿವುಟಿದರು. ತಮ್ಮನೂ ನಕ್ಕ. ಅಪ್ಪ ಮಾತ್ರ ನಗಲಿಲ್ಲ, ರೊಟ್ಟಿಯ ತುಣುಕು ಹಿಡಿದುಕೊಂಡು ಗೋಡೆ ನೋಡುತ್ತ ಕೂತರು. ಅವರ ತಲೆಯಲ್ಲಿ ಅಂದೇ ಮೇಜು ಬಂದು ನಿಂತಿತ್ತೆಂದು ಕಾಣುತ್ತದೆ.

ನಮ್ಮ ಮಸ್ಕಿಯ ಮನೆ ಗುಡ್ಡದ ಬದಿಗಿದೆ. ಹಿತ್ತಲು ಅಗೆದರೆ ಮೊಳದೊಳಗೆ ಬಂಡೆ ಸಿಗುತ್ತದೆ. ಯಾವ ಕಾಲುವೆಯ ನೀರೂ ಆ ನೆಲವನ್ನು ಅಲುಗಿಸದು. ಆ ಹಿತ್ತಲಿನಲ್ಲಿ ನನಗೊಂದು ಓದುವ ಕೋಣೆ ಕಟ್ಟಿಸುವ ಮಾತಿತ್ತು. ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು, ಒಗ್ಗರಣೆಯ ಘಾಟಿನಲ್ಲಿ ಓದುತ್ತಿದ್ದೆ. ಕೋಣೆಯ ಬದಲು ಒಂದು ಉದ್ದನೆಯ ತಗಡಿನ ಹಾಲ್ ಎದ್ದಿತು. ಒಳಗೆ ಏನೂ ಇರಲಿಲ್ಲ. ಅದಕ್ಕೊಂದು ಮೇಜನ್ನು ಹುಡುಕುತ್ತಿದ್ದರು.

ಆ ಮೇಜನ್ನು ಹುಡುಕಿ ಕೊಟ್ಟವಳು ನಾನೇ. ಲಿಂಗಸುಗೂರಿನಲ್ಲಿ ನಾನು ಆಗ ಅತಿಥಿ ಉಪನ್ಯಾಸಕಿಯಾಗಿದ್ದ ನಮ್ಮ ಕಾಲೇಜಿನಿಂದ ಸ್ವಲ್ಪ ದೂರದಲ್ಲಿ ಒಂದು ಹಳೆಯ ಕ್ಲಬ್ ಇತ್ತು. ಸದಸ್ಯರು ಒಬ್ಬೊಬ್ಬರಾಗಿ ತೀರಿಹೋಗಿ ಅದು ಮುಚ್ಚುವ ಹಂತಕ್ಕೆ ಬಂದಿತ್ತು. ಅಲ್ಲಿದ್ದ ಮೇಜನ್ನು ಯಾರಿಗಾದರೂ ಕೊಟ್ಟುಬಿಡುತ್ತಾರಂತೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದನ್ನು ಕೇಳಿ ಮನೆಗೆ ಬಂದು ಹೇಳಿದೆ. ಅಪ್ಪ ಮೊದಲ ಸಲ ನನ್ನ ತಲೆ ಸವರಿದರು. ಅದು ನನಗಾಗಿ ಅಲ್ಲ ಎಂದು ತಿಳಿದೂ ಆ ಕೈ ಇನ್ನಷ್ಟು ಹೊತ್ತು ಅಲ್ಲೇ ಇರಲಿ ಅನ್ನಿಸಿತು.

ಸ್ನೂಕರ್ ಮೇಜು ಎಂದರೆ ಮರವಲ್ಲ, ಕಲ್ಲು. ಹಸಿರು ಬಟ್ಟೆಯ ಅಡಿಯಲ್ಲಿ ಐದು ದೊಡ್ಡ ಸ್ಲೇಟ್ ಕಲ್ಲಿನ ಚಪ್ಪಡಿಗಳನ್ನು ಪಕ್ಕಪಕ್ಕ ಜೋಡಿಸಿರುತ್ತಾರೆ. ಒಂದೊಂದನ್ನು ಎತ್ತಲು ಐದಾರು ಗಟ್ಟಿ ಆಳು ಬೇಕು. ಅಪ್ಪ ತಮಗೆ ಪರಿಚಯವಿದ್ದ ಸಿಂಧನೂರಿನ ರೈಸ್ ಮಿಲ್ಲೊಂದರಿಂದ ಹಮಾಲರನ್ನೂ ಟ್ರ್ಯಾಕ್ಟರನ್ನೂ ಕರೆಸಿದರು. ರಜೆಯ ದಿನ. ನಾವು ಮೂವರೂ ಕ್ಲಬ್ಬಿಗೆ ಹೋದೆವು. ಬಟ್ಟೆ ಸುಲಿದು ಚಪ್ಪಡಿಗಳು ಹೊರಬಿದ್ದಾಗ ಹಮಾಲರ ಹಿರಿಯ ಸೊಂಟಕ್ಕೆ ಕೈಯಿಟ್ಟು ನೋಡಿದ.

"ಏನ್ರೀ ಸಾಹೇಬ್ರ, ಯಾರದೋ ಗೋರಿ ಕಿತ್ತಂಗ ಕಾಣತೈತಿ?"

"ಇದರ ಮ್ಯಾಲ ನನ್ನ ಮಗ ಆಡ್ತಾನಪ್ಪಾ," ಎಂದರು ಅಪ್ಪ.

"ಕಲ್ಲಿನ ಮ್ಯಾಲ ಆಡೂದು ಯಾವ ಆಟಾರೀ? ನಮ್ಮ ಮನ್ಯಾಗ ಇದ್ರ ಅರಿಬಿ ಒಗೀತಿದ್ವಿ."

ಇನ್ನೊಬ್ಬ ತಮ್ಮನ ತೋಳು ಮುಟ್ಟಿ ನೋಡಿ, "ಈ ಕಡ್ಡಿ ಕೈಲೆ ಏನ್ ಆಡ್ತೀಯೋ ತಮ್ಮಾ, ಎರಡು ಚೀಲ ನೆಲ್ಲು ಹೊತ್ತು ತೋರ್ಸು ಮೊದ್ಲ," ಎಂದ. ಎಲ್ಲರೂ ನಕ್ಕರು. ಅದನ್ನು ಕೇಳಿ ನನಗೂ ಹಿತವಾಗಿತ್ತು.

ಟ್ರ್ಯಾಲಿಯಲ್ಲಿ ಅವರು ಭತ್ತದ ಹೊಟ್ಟು ತುಂಬಿ ತಂದಿದ್ದರು. ನಮ್ಮ ಕಾಲುವೆ ಸೀಮೆಯಲ್ಲಿ ಒಡೆಯುವ ವಸ್ತು ಯಾವುದಿದ್ದರೂ ಹೊಟ್ಟಿನಲ್ಲಿಟ್ಟೇ ಸಾಗಿಸುವುದು. ಕನ್ನಡಿಯ ಕಪಾಟು, ಗಾಜಿನ ಬಾಟಲಿ, ಮೊಟ್ಟೆ, ಮದುವೆ ಮನೆಯ ಐಸ್ ಗಡ್ಡೆ, ಎಲ್ಲಕ್ಕೂ ಅದೇ ಹಾಸಿಗೆ. ಮಿಲ್ಲಿನ ಹಿಂದೆ ಗುಡ್ಡವಾಗಿ ಬಿದ್ದಿರುವ ಹೊಟ್ಟು ಯಾರಿಗೂ ಭಾರವಲ್ಲ. ಮೊಣಕಾಲುದ್ದ ಹೊಟ್ಟು ಹರಡಿ, ಅದರೊಳಗೆ ಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಟ್ರ್ಯಾಲಿಯ ಗೋಡೆಗೆ ಒರಗಿಸಿ ಹಗ್ಗ ಕಟ್ಟಿದರು. ಅಪ್ಪ ಒಪ್ಪಿದರು. ನಾನೂ ಒಪ್ಪಿದೆ. ನಾವೆಲ್ಲ ಹೊಟ್ಟನ್ನು ನಂಬಿ ಬೆಳೆದವರು. ಹೊಟ್ಟು ಮೆತ್ತಗಿರುತ್ತದೆ, ಸರಿ. ಆದರೆ ಅದರ ಒಂದೊಂದು ಸಿಪ್ಪೆಯೂ ನುಣುಪು, ಭಾರದ ಕೆಳಗೆ ಅದು ನೀರಿನಂತೆ ಹರಿಯುತ್ತದೆ. ಮೊಟ್ಟೆಗೆ ಭಾರವಿಲ್ಲ, ಐಸ್ ಗಡ್ಡೆ ಮಲಗಿರುತ್ತದೆ. ನಿಂತ ಕಲ್ಲನ್ನು ಹೊಟ್ಟಿನಲ್ಲಿ ಯಾರೂ ಆವರೆಗೆ ಸಾಗಿಸಿರಲಿಲ್ಲ.

ಮಸ್ಕಿಯವರೆಗೆ ಏನೂ ಆಗಲಿಲ್ಲ. ಬಿಸಿಲು, ಸ್ವಲ್ಪ ಗಾಳಿ. ನಮ್ಮ ಮನೆಯ ಮುಂದಿನ ಓಣಿ ಇಳಿಜಾರು. ಟ್ರ್ಯಾಕ್ಟರ್ ಹಿಮ್ಮುಖವಾಗಿ ಇಳಿಯಬೇಕಿತ್ತು. ಚಪ್ಪಡಿ ಇಳಿಸಲು ಅನುಕೂಲವಾಗಲೆಂದು ಟ್ರ್ಯಾಲಿಯ ಹಗ್ಗ ಸಡಿಲಿಸಿ ಹಿಂಬಾಗಿಲನ್ನು ಮೊದಲೇ ತೆರೆದಿದ್ದರು. ಹಮಾಲರು ಬದಿಯಲ್ಲಿ ನಡೆದು ಬರುತ್ತಿದ್ದರು. ಅಪ್ಪ ಡ್ರೈವರನ ಹತ್ತಿರ. ನಾನು ಮನೆಯ ಮೆಟ್ಟಿಲ ಮೇಲೆ. ತಮ್ಮ ಟ್ರ್ಯಾಲಿಯ ಹಿಂಬದಿಯ ಮೂಲೆಯಲ್ಲಿ, ಅದರೊಂದಿಗೆ ಹೆಜ್ಜೆ ಹಾಕುತ್ತ, ಬಲಗೈ ಬೀಸಿ "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದ.

ಅವನ ಎಡಗೈ ಟ್ರ್ಯಾಲಿಯ ಕಬ್ಬಿಣದ ಅಂಚಿನ ಮೇಲಿತ್ತು. ಇದನ್ನು ಸ್ವಲ್ಪ ವಿವರಿಸಬೇಕು. ಸ್ನೂಕರ್‌ನಲ್ಲಿ ಬಲಗೈ ಕ್ಯೂ ಎಂಬ ಕೋಲನ್ನು ತಳ್ಳುತ್ತದೆ. ಎಡಗೈ ಮೇಜಿನ ಮೇಲೆ ಬೆರಳಗಲಿಸಿ ಊರಿ, ಹೆಬ್ಬೆರಳೆತ್ತಿ, ಕೋಲು ಜಾರುವ ಸಂದಿಯಾಗುತ್ತದೆ. ಬಲಗೈ ಎಷ್ಟೇ ಜಾಣವಾಗಿದ್ದರೂ ಎಡಗೈ ಅಲುಗಿದರೆ ಮುಗಿಯಿತು. ತಮ್ಮನಿಗೆ ಎಲ್ಲಿ ನಿಂತರೂ ಎಡಗೈಯನ್ನು ಹಾಗೇ ಊರುವ ಚಾಳಿ. ಊಟದ ಮಣೆ, ಬಸ್ಸಿನ ಸೀಟು, ಎಮ್ಮೆಯ ಬೆನ್ನು, ಯಾವುದಾದರೂ ಸರಿ. ಅಂದೂ ಬೆರಳಗಲಿಸಿ ಕಬ್ಬಿಣದ ಮೇಲೆ ಊರಿದ್ದ.

ಚಕ್ರ ಒಂದು ಬಂಡೆಯ ಮೊನೆ ಹತ್ತಿ ಇಳಿಯಿತು. ತೆರೆದ ಬಾಗಿಲಿನಿಂದ ಹೊಟ್ಟು ಸುರಿಯತೊಡಗಿತು, ಬಂಗಾರದ ಬಣ್ಣದ ನೀರಿನ ಹಾಗೆ, ಸದ್ದೇ ಇಲ್ಲದೆ. ಕೊನೆಯ ಚಪ್ಪಡಿಯ ಬುಡ ಆ ಹೊಟ್ಟಿನೊಂದಿಗೆ ಹೊರಟದ್ದು ನನಗೆ ಕಂಡಿತು. ಕಲ್ಲು ಬಿದ್ದಂತೆ ಕಾಣಲಿಲ್ಲ, ಸುಮ್ಮನೆ ನಡೆದು ಬಂದಂತೆ ಕಂಡಿತು. ನನ್ನ ಬಾಯಿಂದ ದನಿ ಹೊರಡುವಷ್ಟೂ ಹೊತ್ತಿರಲಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ ಹೊಟ್ಟಿನ ಧೂಳು ತಮ್ಮನ ಕಣ್ಣಿಗೆ ಹೋಯಿತು. ಅವನು ಎಡಗೈ ಎತ್ತಿ ಕಣ್ಣುಜ್ಜಿಕೊಂಡ. ಚಪ್ಪಡಿಯ ಮೂಲೆ ಕಬ್ಬಿಣದ ಅಂಚಿಗೆ ಅಪ್ಪಳಿಸಿತು. ಅವನ ಬೆರಳುಗಳಿದ್ದ ಜಾಗಕ್ಕೆ, ಪಕ್ಕಕ್ಕೂ ಅಲ್ಲ, ಮೇಲೂ ಅಲ್ಲ. ಕಬ್ಬಿಣ ಬಗ್ಗಿತು, ಕಲ್ಲಿನ ಮೂಲೆ ಸಿಡಿದು ಓಣಿಗೆ ಬಿತ್ತು.

"ಅಯ್ಯೋ, ಕಲ್ಲು ಹೋತಲಪ್ಪಾ!" ಎಂದು ತಮ್ಮ ಕಿರುಚಿದ. ಅವನಿನ್ನೂ ಕಣ್ಣುಜ್ಜುತ್ತಲೇ ಇದ್ದ.

ಅಪ್ಪ ಡ್ರೈವರನ ಮೇಲೆ ಹರಿಹಾಯ್ದರು. ಡ್ರೈವರ್ ಹಮಾಲರನ್ನು ಬೈದ. ಹಮಾಲರು ಉಳಿದ ಚಪ್ಪಡಿಗಳಿಗೆ ಬೆನ್ನು ಕೊಟ್ಟು ತಡೆದು ನಿಂತು ಎಲ್ಲರನ್ನೂ ಬೈದರು. ನಾನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದೆ. ಅವ್ವ ಒಳಗಿಂದ ಓಡಿ ಬಂದು, "ಬಿಸಲಾಗ ನಿಲ್ಲಬ್ಯಾಡ ಅಂದ್ರ ಕೇಳಂಗಿಲ್ಲ ಇಕಿ," ಎಂದು ನೀರು ಕುಡಿಸಿದರು. ತಮ್ಮ ಒಡೆದ ಚೂರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಚಪ್ಪಡಿಯ ಮೂಲೆಗೆ ಹೊಂದಿಸಿ ನೋಡುತ್ತಿದ್ದ. ನಾನು ಆ ಕೈಗಳನ್ನು ನೋಡಿದೆ. ಹತ್ತೂ ಬೆರಳು ಇದ್ದವು. ಆದರೂ ನನ್ನ ಕಣ್ಣಿಗೆ ಎಡಗೈ ಬೇರೆ ಥರ ಕಂಡಿತು. ಅದು ಹೇಗೆ ಕಂಡಿತೆಂದು ಇಲ್ಲಿ ಬರೆಯುವುದಿಲ್ಲ.

ಆ ಕೈ ಅಲ್ಲಿದ್ದುದನ್ನು ನಾನೊಬ್ಬಳೇ ನೋಡಿದ್ದೆ. ತಮ್ಮನಿಗೂ ಗೊತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಕಲ್ಲು ಎಲ್ಲೋ ಅತ್ತ ಬಿತ್ತು, ಅವನು ಎಲ್ಲೋ ಇತ್ತ ನಿಂತಿದ್ದ. ಸಂಜೆ ಅಪ್ಪ ಒಬ್ಬರೇ ತಗಡಿನ ಹಾಲಿನಲ್ಲಿ ನಿಂತಾಗ ಹೋಗಿ ಹೇಳಿದೆ. ಹೇಳುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅಪ್ಪ ಅಂದದ್ದು ಇಷ್ಟೇ.

"ಅವಗ ಹೇಳಬ್ಯಾಡ ಬೇ. ಕೈಯ್ಯಾಗ ಅಂಜಿಕಿ ಹೊಕ್ತಂದ್ರ ಆಟ ಹೋತು. ನೀ ಮರತುಬಿಡು."

ಮರೆತುಬಿಡು ಎಂದು ಅವರು ನನಗೆ ಹೇಳಿದ್ದರು. ಮರೆಯುವುದಕ್ಕೇ ಏನೂ ಇರದವನು ಒಳಗೆ ಜೋಳದ ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಂಡು ತಿನ್ನುತ್ತಿದ್ದ.

ಮೇಜು ಜೋಡಿಸಲು ಹೈದರಾಬಾದಿನಿಂದ ಬಂದ ಮಿಸ್ತ್ರಿ ಒಡೆದ ಮೂಲೆಗೆ ಕಲ್ಲಿನ ಪುಡಿ, ಅಂಟು ತುಂಬಿ ಉಜ್ಜಿ ಸಮ ಮಾಡಿದ. ರಸಮಟ್ಟ ಇಟ್ಟು ನೋಡಿದ. ಮೇಲೆ ಹೊಸ ಹಸಿರು ಬಟ್ಟೆ ಬಿತ್ತು. ಬಂಡೆಯ ಮೇಲೆ ನಿಂತ ಆ ಮೇಜು ಇವತ್ತಿಗೂ ಅಲುಗಿಲ್ಲ. ಚೆಂಡು ನೆಟ್ಟಗೆ ಹೋಗುವುದನ್ನು ತಮ್ಮ ಅದರ ಮೇಲೆ ಹೊಸದಾಗಿ ಕಲಿತ. ಮುಂದಿನದು ಊರಿಗೆಲ್ಲ ಗೊತ್ತು. ರಾಜ್ಯ ಗೆದ್ದ, ದೇಶ ಗೆದ್ದ, ಕೊನೆಗೆ ಇಂಗ್ಲೆಂಡಿಗೆ ಹೋಗಿ ಅರ್ಹತಾ ಪಂದ್ಯಗಳನ್ನು ಗೆದ್ದು ವೃತ್ತಿಪರ ಆಟಗಾರರ ಸಾಲಿಗೆ ಸೇರಿದ. ಆ ಸಾಲಿನಲ್ಲಿ ಎರಡು ಸೀಸನ್ ಇರಲು ಬಿಡುತ್ತಾರೆ. ಅಷ್ಟರಲ್ಲಿ ಸಾಕಷ್ಟು ಮೇಲೇರದಿದ್ದರೆ ಹೊರಗೆ. ಮತ್ತೆ ಬರಬೇಕೆಂದರೆ ಮೊದಲಿನಿಂದ ಅರ್ಹತಾ ಪಂದ್ಯ ಆಡಬೇಕು.

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಅವನ ಫ್ಲೆಕ್ಸ್ ಕಟ್ಟಿದರು. ನಾನು ದಿನಾ ಬೆಳಿಗ್ಗೆ ಅದರ ಕೆಳಗೇ ನಿಂತು ಬಸ್ಸಿಗೆ ಕಾಯುತ್ತಿದ್ದೆ. ನಾನು ಅರ್ಹತಾ ಪರೀಕ್ಷೆ ಪಾಸಾದ ಸುದ್ದಿ ನಮ್ಮ ಓಣಿ ದಾಟಲಿಲ್ಲ. ತರಗತಿಯಲ್ಲಿ ಹುಡುಗಿಯರು ಬೇಡಿಕೆ, ಪೂರೈಕೆ ಬಿಟ್ಟು, "ಮೇಡಂ, ನೀವು ಅವರ ಅಕ್ಕ ಅಂತಲ್ರೀ?" ಎಂದು ಕೇಳುತ್ತಿದ್ದರು. ಹೌದು ಅನ್ನುತ್ತಿದ್ದೆ. ನನಗೆ ಆ ಊರಲ್ಲಿ ಅದೇ ಹೆಸರಾಯಿತು. ಅವನ ಫ್ಲೆಕ್ಸ್, ಅವನ ವಿಮಾನ, ಅವನು ತೊಡುವ ಕಪ್ಪು ವೇಸ್ಟ್‌ಕೋಟು, ಅವನ ಫೋನ್ ಬಂದಾಗ ಅಪ್ಪ ಎದ್ದು ನಿಂತು ಮಾತಾಡುವ ರೀತಿ, ಎಲ್ಲದರ ಮೇಲೂ ನನಗೆ ಹೊಟ್ಟೆಯುರಿಯುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ನಾನು ಹೋಗಲಿಲ್ಲ. ತಮ್ಮನಿಗೂ ಗೊತ್ತಿತ್ತು, ಅದನ್ನೇ ಇಟ್ಟುಕೊಂಡು ಕಾಡಿಸುತ್ತಿದ್ದ.

ಆದರೆ ಅವೆಲ್ಲ ಚಿಲ್ಲರೆ ಅಸೂಯೆಗಳು. ದೊಡ್ಡದು ಬೇರೆಯೇ ಇತ್ತು.

ಅವನ ಪಂದ್ಯಗಳು ಮೊಬೈಲಿನಲ್ಲಿ ನೇರ ಬರುತ್ತಿದ್ದವು. ಕ್ಯಾಮೆರಾ ಅವನ ಎಡಗೈಯನ್ನು ಹತ್ತಿರದಿಂದ ತೋರಿಸುತ್ತದೆ, ಸ್ನೂಕರ್‌ನಲ್ಲಿ ಅದೇ ಪದ್ಧತಿ. ಬೆರಳಗಲಿಸಿ ಹಸಿರು ಬಟ್ಟೆಯ ಮೇಲೆ ಊರಿದ ಕೈ. ಅದು ಕಂಡೊಡನೆ ನನಗೆ ಹೊಟ್ಟು ಸುರಿಯುತ್ತಿತ್ತು. ಕಲ್ಲು ನಡೆದು ಬರುತ್ತಿತ್ತು. ಆದರೆ ನನ್ನೊಳಗೆ ನಡೆಯುವ ಆ ಓಣಿಯಲ್ಲಿ ಗಾಳಿ ಬೀಸುವುದಿಲ್ಲ, ಅವನು ಕೈ ಎತ್ತುವುದಿಲ್ಲ. ನಾನು ಮೊಬೈಲನ್ನು ಬೋರಲು ಹಾಕಿ ದನಿಯನ್ನಷ್ಟೇ ಕೇಳುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಕಿಟಕಿಯ ಕಂಬಿಗೆ ಕೈಯಿಟ್ಟರೆ ಬೇರೆ ಕಡೆ ತಿರುಗುತ್ತಿದ್ದೆ. ರೈಸ್ ಮಿಲ್ಲಿನ ಲಾರಿ ಹಾದುಹೋದರೆ, ಹೊಟ್ಟಿನ ವಾಸನೆ ಬಂದರೆ, ಪಾಠದ ನಡುವೆ ಮಾತು ನಿಂತುಬಿಡುತ್ತಿತ್ತು.

ಒಂದು ಸಂದರ್ಶನದಲ್ಲಿ ಯಾರೋ ಅವನ ಗುಟ್ಟೇನೆಂದು ಕೇಳಿದರು. "ಗುಟ್ಟೇನಿಲ್ರೀ. ಹಿಂದಿನ ಶಾಟ್ ಮರೀತೀನಿ. ತಪ್ಪಿದ್ದೂ ಮರೀತೀನಿ, ಬಿದ್ದಿದ್ದೂ ಮರೀತೀನಿ," ಅಂದ. ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸಿದರು. ನನಗೆ ಎದ್ದು ಮೊಬೈಲನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಅವನು ಮರೆತ, ಅಷ್ಟೂ ನನ್ನ ಪಾಲಿಗೆ ಬಿತ್ತು. ಆ ಗಳಿಗೆ ಅವನದ್ದು, ಆ ಕೈ ಅವನದ್ದು, ಆ ಗಾಳಿ ಬೀಸಿದ್ದೂ ಅವನಿಗಾಗಿ. ಹಾಗಿದ್ದೂ ಅದರೊಳಗೆ ಸಿಕ್ಕಿಬಿದ್ದವಳು ನಾನು. ಅವನ ಗೆಲುವನ್ನು ಕೊಡುತ್ತೇನೆಂದು ಯಾರಾದರೂ ಬಂದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಅವನ ನಿದ್ದೆ ಕೊಡಿ ಅನ್ನುತ್ತಿದ್ದೆ.

ಎರಡನೆಯ ಸೀಸನ್ನಿನ ಕೊನೆಯ ಪಂದ್ಯ ಅವನು ಸೋತ. ಸಾಲಿನಿಂದ ಹೊರಬಿದ್ದ. ಕೆಲವು ವಾರಗಳಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಅರ್ಹತಾ ಪಂದ್ಯಗಳಿದ್ದವು. ಅದರಲ್ಲೂ ಸೋತರೆ ಆಟ ಬಿಟ್ಟು ಬೇರೆ ಕೆಲಸ ನೋಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವನು ಮಸ್ಕಿಗೆ ಬಂದು ಆ ತಗಡಿನ ಹಾಲಿನಲ್ಲಿ ಅಭ್ಯಾಸಕ್ಕೆ ನಿಂತ. ಅಪ್ಪ ನಿವೃತ್ತರಾಗಿದ್ದರು. ಬೆಂಚು ಹಾಕಿಕೊಂಡು, ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಮನೆಯಲ್ಲಿ ಯಾರೂ ಪಾತ್ರೆಯ ಸದ್ದು ಮಾಡುವಂತಿರಲಿಲ್ಲ. ತಮ್ಮ ಮಾತ್ರ ಬೆಳಿಗ್ಗೆ ಸಿಳ್ಳೆ ಹಾಕುತ್ತ ಏಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸಂತೆಗೆ ಹೋಗಿದ್ದರು. ತಮ್ಮ ಕಪ್ಪು ಚೆಂಡನ್ನು ಒಂದೇ ಮೂಲೆಗೆ ಮತ್ತೆ ಮತ್ತೆ ಹೊಡೆಯುತ್ತಿದ್ದ. ಬಿದ್ದದ್ದನ್ನು ತೆಗೆದು ಅದರ ಜಾಗಕ್ಕೆ ಇಡುವ ಕೆಲಸ ನನಗೆ ಹಚ್ಚಿದ್ದ.

"ಅಕ್ಕಾ, ಒಂದು ಮಾತು ಕೇಳ್ಲೇನು?"

"ಕೇಳು."

"ನೀ ನನ್ನ ಕೈ ಯಾಕ ಹಂಗ ನೋಡ್ತಿ? ಪರೀಕ್ಷಾದಾಗ ಕಾಪಿ ಹೊಡಿಯೋ ಹುಡುಗನ ನೋಡಿದಂಗ? ದೃಷ್ಟಿ ಆಗತೈತಿ ಬಿಡು, ನಿನ್ನ ಹೊಟ್ಟಿಕಿಚ್ಚಿಗೆ ಕ್ಯೂ ಸುಟ್ಟು ಹೋಗತೈತಿ."

ಅವನು ನಗುತ್ತ ಮತ್ತೆ ಬಗ್ಗಿದ. ಎಡಗೈ ಊರಿದ. ಅದೂ ಆ ಅಂಟು ತುಂಬಿದ ಮೂಲೆಯ ಮೇಲೆಯೇ. ನನ್ನ ಕೈಯಲ್ಲಿ ಕಪ್ಪು ಚೆಂಡಿತ್ತು. ಹೇಳಬಾರದೆಂದು ಅಪ್ಪ ಹಾಕಿದ್ದ ಕಟ್ಟು, ಮುಂದಿನ ತಿಂಗಳ ಪಂದ್ಯ, ಕೈಗೆ ಅಂಜಿಕೆ ಹೊಕ್ಕರೆ ಅವನ ಇಡೀ ಬದುಕು ಏನಾದೀತೆಂಬುದು, ಎಲ್ಲವೂ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಟ್ರ್ಯಾಲಿ, ಹೊಟ್ಟು, ಕಬ್ಬಿಣದ ಅಂಚು, ಗಾಳಿ, ಒಂದನ್ನೂ ಬಿಡದೆ ಹೇಳಿದೆ. ಅವನು ಸೋಲಲಿ ಎಂದಲ್ಲ. ಆ ಓಣಿಯಲ್ಲಿ ಇಷ್ಟು ವರ್ಷ ನಾನೊಬ್ಬಳೇ ನಿಂತಿದ್ದೆ. ಅವನೂ ಒಂದು ಸಲ ಬಂದು ಪಕ್ಕದಲ್ಲಿ ನಿಲ್ಲಲಿ, ಅವನ ಹಲ್ಲೂ ಒಂದು ಸಲ ಕಟಕಟ ಅನ್ನಲಿ ಅನ್ನಿಸಿತ್ತು.

ತಮ್ಮ ಕ್ಯೂವನ್ನು ಹೆಗಲಿಗೆ ಒರಗಿಸಿಕೊಂಡು ಪೂರ್ತಿ ಕೇಳಿದ. ಎಡಗೈಯನ್ನು ಮುಖದ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎತ್ತಿದ್ನಲ್ಲ ಮತ್ತ?"

"ಎತ್ತಿದ್ದಿ."

"ಮತ್ತೇನು?"

ಅವನು ನನ್ನ ಮುಖ ನೋಡಿದ. ದನಿ ಸ್ವಲ್ಪ ಇಳಿಯಿತು.

"ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ದೇನಕ್ಕಾ ನೀ?"

"ಅಪ್ಪ ಹೇಳಬ್ಯಾಡ ಅಂದಿದ್ದ."

"ಅಂವ ಸುಮ್ನ ಅಂಜಿಬುರುಕ. ಚೆಂಡು ಇಡು."

ಇಟ್ಟೆ. ಅವನು ಬಗ್ಗಿದ. ಎಡಗೈ ಅದೇ ಮೂಲೆಯ ಮೇಲೆ ಊರಿತು. ನಾನು ಅವನ ಬೆರಳ ತುದಿಗಳನ್ನೇ ನೋಡಿದೆ. ಎಲ್ಲೂ ಒಂದು ನಡುಕವಿಲ್ಲ. ಕಪ್ಪು ಚೆಂಡು ನೆಟ್ಟಗೆ ಹೋಗಿ ಬಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ. "ಯಪ್ಪಾ, ಅವತ್ತು ನನ್ನ ಕೈ ಹೋಗತಿತ್ತಂತಲ್ಲೋ!" ಸಂತೆಯಲ್ಲಿ ಬೆಂಡೆಕಾಯಿ ಸೋವಿಯಾಗಿದೆಯಂತೆ ಎನ್ನುವ ಹಾಗೆ ಹೇಳಿದ. ಅಪ್ಪನ ಕೈಯಲ್ಲಿದ್ದ ತುತ್ತು ನಿಂತಿತು. ನನ್ನ ಕಡೆ ತಿರುಗಿದರು.

"ಹೇಳಿದೇನು ನೀ?"

"ಹೇಳ್ದೆ."

"ಈಗ? ಈಗ ಹೇಳ್ತಾರೇನು ಬೇ? ಕಲಿತಾಕಿ ಅಂತಾರ ನಿನಗ."

ಅವ್ವನಿಗೆ ಅಂದೇ ಮೊದಲು ತಿಳಿದದ್ದು. ತಟ್ಟೆ ಬಿಟ್ಟು ಬಂದು ತಮ್ಮನ ಎಡಗೈ ಹಿಡಿದು ಬೆರಳು ಬೆರಳಾಗಿ ಕಣ್ಣಿಗೊತ್ತಿಕೊಂಡರು. "ಬಿಡು ಯವ್ವಾ, ಸಾರು ಹತ್ತತೈತಿ," ಎಂದು ಅವನು ಕೈ ಎಳೆದುಕೊಂಡ. ಅಂದಿನಿಂದ ಅವನು ಹೊರಡುವವರೆಗೂ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಹಾಲ್‌ನ ಬೆಂಚಿನಲ್ಲಿ ಕೂತು ಅವನ ಕೈಯನ್ನೇ ಕಾಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅಪ್ಪ ನಡುಕ ಕಾಣದಿರಲಿ ಎಂದು ನೋಡುತ್ತಿದ್ದರು. ನಾನು ಏನು ಕಾಣಲಿ ಎಂದು ನೋಡುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಅವನು ಒಂದೇ ಸರದಿಯಲ್ಲಿ ನೂರು ಅಂಕ ದಾಟುವ ಬ್ರೇಕ್ ಹೊಡೆಯುತ್ತ, ತಪ್ಪಿದರೆ ನಗುತ್ತ, ಸಂಜೆ ಮಿರ್ಚಿ ಬಜಿ ತಿನ್ನಲು ಹೋಗುತ್ತ ದಿನ ಕಳೆದ. ನಾನು ಅಷ್ಟು ವರ್ಷ ಬೆಂಕಿಯ ಕೆಂಡದಂತೆ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಾತು ಅವನ ಕೈಗೆ ಬಿದ್ದು ಬೂದಿಯಾಗಿತ್ತು. ನನ್ನ ಸೆರಗು ಮಾತ್ರ ಇನ್ನೂ ಸುಡುತ್ತಿತ್ತು.

ಅರ್ಹತಾ ಪಂದ್ಯದ ಕೊನೆಯ ಸುತ್ತು ನಮ್ಮಲ್ಲಿ ಮಧ್ಯಾಹ್ನ. ನಾನು ಕಾಲೇಜಿನಲ್ಲಿದ್ದೆ. ಮೊಬೈಲನ್ನು ತೆರೆಯಲೇ ಇಲ್ಲ. ಸಂಜೆಯ ಪಿರಿಯಡ್ಡಿಗೆ ಹೊರಟು ಕಾರಿಡಾರಿನಲ್ಲಿ ನಡೆಯುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಗೆದ್ದೆ! ಮತ್ತ ಎರಡು ಸೀಸನ್."

"ಅಪ್ಪಗ ಹೇಳಿದೇನು?"

"ಅಂವ ಅಳಾಕತ್ಯಾನ. ಅದಕ್ಕ ನಿನಗ ಹಚ್ಚಿದೆ."

ಹಿಂದೆ ಯಾರೋ ಇಂಗ್ಲಿಷಿನಲ್ಲಿ ಅವನನ್ನು ಕರೆಯುತ್ತಿದ್ದರು. ಇಡುವ ಮೊದಲು ನಾನು ಕೇಳಲೇಬೇಕಿತ್ತು, ಕೇಳಿದೆ.

"ಲೇ ತಮ್ಮಾ, ಖರೆ ಹೇಳು. ಆಡುಮುಂದ ಅದು ನೆನಪಾತೇನು?"

"ಯಾವುದು?"

"ಕೈ. ಕಲ್ಲು."

ಅವನು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ.

"ಓ, ಅದಾ? ಇಲ್ಲಕ್ಕಾ. ಒಮ್ಮಿನೂ ಇಲ್ಲ," ಎಂದ. ಸುಳ್ಳು ಹೇಳುವ ದನಿ ಅವನದು ನನಗೆ ಗೊತ್ತು. ಅದು ಆ ದನಿಯಾಗಿರಲಿಲ್ಲ.

ಅವನು ಗೆದ್ದದ್ದು ನನಗೆ ಸಂತೋಷವಾಗಿತ್ತು. ಅವನ ಕೈ ಉಳಿದು, ಆಟ ಉಳಿದು, ನಾನು ಹೇಳಿದ ಮಾತಿನಿಂದ ಏನೂ ಕೆಡಲಿಲ್ಲವೆಂದು ಮೈ ಹಗುರವಾಗಿತ್ತು. ಆದರೆ ಫೋನ್ ಹಿಡಿದ ನನ್ನ ಕೈ ನಡುಗುತ್ತಲೇ ಇತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತೆ. ಎದುರಿಗೆ ಬಂದ ಸಹೋದ್ಯೋಗಿಯೊಬ್ಬರು ಆಗಲೇ ಸುದ್ದಿ ಕೇಳಿದ್ದರು.

"ತಮ್ಮ ಗೆದ್ದಾನಂತಲ್ರೀ ಮೇಡಂ! ಪುಣ್ಯವಂತರು ನೀವು. ಪೇಢೆ ಯಾವಾಗ?"

"ನಾನಲ್ರೀ," ಎಂದೆ. "ಅಂವ."